ತಾನಾಗಿ ಹೊರಗೆ ಬಂದ ಡ್ರಾಯರ್

"ಗರಗಸದ ಮೇಲೆ ಕೋಪ ತೋರಿಸಬೇಡಿ. ಅದು ನಿಮ್ಮ ಬೆರಳಿನ ಮೇಲೆ ತೀರಿಸ್ಕೊಳ್ಳುತ್ತೆ."

ಹಿಂದಿನಿಂದ ಬಂದ ದನಿಗೆ ಅವಳು ಬೆಚ್ಚಿದಳು. ತಿರುಗಿ ನೋಡುವಷ್ಟರಲ್ಲಿ ಅವನ ಕೈ ಅವಳ ಮಣಿಕಟ್ಟನ್ನು ಹಿಡಿದು, ಚೂರು ಓರೆ ಮಾಡಿ, ಬಿಟ್ಟೂ ಬಿಟ್ಟಿತ್ತು. ಗರಗಸ ಸಲೀಸಾಗಿ ಹಲಗೆಯೊಳಗೆ ಇಳಿಯಿತು.

ಅವನು ಆ ಶೆಡ್ಡಿನ ಬಡಗಿ, ಆಸಕ್ತಿಯಿಂದ ಬಂದವರಿಗೆ ಮರಗೆಲಸ ಹೇಳಿಕೊಡುವವನು. ಮಾತು ಅಂದರೆ ಮುತ್ತು, ಚೆಲ್ಲಿದರೆ ನಷ್ಟ ಎಂದುಕೊಂಡವನಂತೆ ಇರುತ್ತಿದ್ದ. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ಅವನನ್ನು 'ಮೌನವ್ರತ' ಎಂದೇ ಕರೆಯುತ್ತಿದ್ದರು.

ಅವಳಿಗೂ ಮನೆಯಲ್ಲಿ ಒಂದು ಅಡ್ಡಹೆಸರಿತ್ತು. 'ಅರ್ಧಂಬರ್ಧ'. ಇಟ್ಟವಳು ಅಕ್ಕ. ಒಂದೇ ತೋಳಿಗೆ ನಿಂತ ಸ್ವೆಟರ್, ಎರಡೇ ತಿಂಗಳಿಗೆ ಮೂಲೆ ಸೇರಿದ ಗಿಟಾರ್, ಎದೆಮಟ್ಟದ ನೀರಿನಿಂದ ಮುಂದೆ ಹೋಗದ ಈಜು... ಕೊನೆಗೆ ನಿಶ್ಚಯವಾಗಿದ್ದ ಮದುವೆಯೂ ನಡುವೆ ಮುರಿಯಿತು. ಅದು ಅವಳ ತಪ್ಪಲ್ಲ. ಆದರೂ ಆ ಅಪವಾದವನ್ನೂ ಅವಳ ತಲೆಗೇ ಕಟ್ಟಿದರು.

ಅದಕ್ಕೇ ಕಣ್ಣಾಸ್ಪತ್ರೆಯ ಈ ನರ್ಸಮ್ಮ ಹಟಕ್ಕೆ ಬಿದ್ದು ಉಳಿ ಹಿಡಿದಿದ್ದಳು. ನಾಲ್ಕು ಡ್ರಾಯರ್, ಮೇಲೊಂದು ಕನ್ನಡಿ ಇರುವ ಮರದ ಡ್ರೆಸ್ಸರ್. ಇದೊಂದನ್ನಾದರೂ ಮುಗಿಸಬೇಕು. ತನ್ನ ಕೈ ಕೈಲಾಗದ ಕೈಯಲ್ಲ ಅಂತ ಬೇರೆ ಯಾರಿಗೂ ಅಲ್ಲ, ತನಗೇ ಗೊತ್ತಾಗಬೇಕಿತ್ತು.

ಆದರೆ ಶೆಡ್ಡಿಗೊಂದು ಕಾನೂನಿತ್ತು. ಇರುವುದು ಮೂರೇ ಕೆಲಸದ ಮೇಜು. ಮಾಡುತ್ತಿರುವ ವಸ್ತು ಮುಗಿದ ದಿನ ಕಲಿತವರೂ ಹೊರಡಬೇಕು, ಮೇಜು ಮುಂದಿನವರಿಗೆ. ಮೊದಮೊದಲು ಅವಳಿಗೆ ಅದು ಸರಿ ಅನಿಸಿತ್ತು. ಐದು ತಿಂಗಳು ಕಳೆಯುವಷ್ಟರಲ್ಲಿ ಆ ಕಾನೂನು ನೆನಪಾದರೇ ಅವಳ ಕೆಲಸ ನಿಧಾನವಾಗುತ್ತಿತ್ತು.

ಯಾಕೆಂದರೆ ಅವಳು ಬರುವ ಮೊದಲೇ ಅವಳ ಉಳಿಗೆ ಯಾರೋ ಸಾಣೆ ಹಿಡಿದಿಡುತ್ತಿದ್ದರು. ಎಲ್ಲರಿಗೂ ಹೀಗೇ ಇರಬಹುದು ಅಂದುಕೊಂಡಿದ್ದಳು. ಪಕ್ಕದ ಮೇಜಿನ ನಿವೃತ್ತ ಪೋಸ್ಟ್‌ಮ್ಯಾನ್ ಒಮ್ಮೆ, ತನ್ನ ಉಳಿ ಬೆಣ್ಣೆಯನ್ನೂ ಕತ್ತರಿಸುವುದಿಲ್ಲ ಅಂತ ಗೊಣಗಿದ. ಅವಳು ತಲೆ ತಗ್ಗಿಸಿ ನಕ್ಕಳು. ಅವತ್ತಿಡೀ ಅಳತೆ ತಪ್ಪುತ್ತಲೇ ಇತ್ತು.

ನಾಲ್ಕನೇ ಡ್ರಾಯರ್ ಕೂರಿಸಿದ ದಿನ ಅದು ನಡೆಯಿತು.

ಅವಳು ಮೇಲಿನ ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದಳು. ಅದು ಒಳಗೆ ಹೋಗುತ್ತಿದ್ದಂತೆ, ಯಾರೂ ಮುಟ್ಟದ ಕೆಳಗಿನ ಡ್ರಾಯರ್ ತಾನಾಗಿ ಎರಡು ಬೆರಳಷ್ಟು ಹೊರಗೆ ಬಂತು. ಮತ್ತೆ ತಳ್ಳಿದಳು. ಮತ್ತೆ ಬಂತು.

ಅವನು ಬಂದು ಪಕ್ಕದಲ್ಲಿ ನಿಂತ. ತಾನೇ ಒಮ್ಮೆ ತಳ್ಳಿ ನೋಡಿದ. ಇನ್ನೊಮ್ಮೆ ತಳ್ಳಿದ. ಮುಖ ಬಿಳಿಚಿಕೊಂಡಿತು. ಒಂದು ಮಾತೂ ಆಡದೆ ಹಿತ್ತಿಲಿಗೆ ಹೋದವನು ಮಧ್ಯಾಹ್ನವಿಡೀ ಒಳಗೆ ಬರಲಿಲ್ಲ.

'ಅಷ್ಟೊಂದು ಕೆಟ್ಟಿದೆಯಾ? ಬಯ್ಯೋದಕ್ಕೂ ಯೋಗ್ಯ ಅಲ್ವಾ?'

ಮರುದಿನ ರಜೆ ಹಾಕಿ ಎಲ್ಲರಿಗಿಂತ ಮೊದಲು ಬಂದಳು. ಕೆಳಗಿನ ಡ್ರಾಯರನ್ನು ಎಳೆದು, ಅದರ ಎರಡೂ ಪಕ್ಕಗಳನ್ನು ಕೀಸುಳಿಯಿಂದ ಹೆರೆದಳು. ಕೂದಲೆಳೆಯಷ್ಟು, ಇನ್ನೂ ಒಂದಿಷ್ಟು. ಈಗ ಮೇಲಿನದನ್ನು ತಳ್ಳಿದರೆ ಕೆಳಗಿನದು ಅಲುಗಲಿಲ್ಲ. ಅಬ್ಬಾ, ಸರಿಹೋಯಿತು. ಅವನಿಗೆ ತೋರಿಸಲೆಂದು ಬಾಗಿಲ ಕಡೆಯೇ ನೋಡುತ್ತಾ ಕೂತಳು, ಪಾಪ.

ಅವನು ಬಂದ. ಮೊದಲು ನೋಡಿದ್ದು ನೆಲದ ಮೇಲಿನ ಮರದ ಹೊಟ್ಟನ್ನು.

"ಯಾಕೆ ಮುಟ್ಟಿದ್ರಿ ಅದನ್ನ?"

ಅಷ್ಟೇ. ಆದರೆ ಆ ದನಿ ಒಡೆದಿತ್ತು. ಅವಳಿಗೆ ಕೇಳಿಸಿದ್ದು ಮಾತ್ರ ಹುಟ್ಟಿದಾಗಿನಿಂದ ಕೇಳಿದ ಅದೇ ಮಾತು: ನಿನ್ನ ಕೈಯಲ್ಲಿ ಆಗೋದಲ್ಲ, ಯಾಕೆ ಮುಟ್ಟಿದೆ? ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ, ಹಿಂದಿರುಗಿ ನೋಡದೆ ಹೊರಟಳು.

ಎರಡು ವಾರ ಆ ಬೀದಿಗೇ ಕಾಲಿಡಲಿಲ್ಲ. ಇದೂ ಅರ್ಧಕ್ಕೇ ನಿಂತಿತಾ ಅಂತ ಅಕ್ಕ ಕೇಳಿದಾಗ ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಕ್ಕನಿಗೂ ಯಾಕೋ ನಗು ಬರಲಿಲ್ಲ.

ಮೂರನೇ ವಾರ, ಆಸ್ಪತ್ರೆಯಲ್ಲಿ ಅವಳು ಟೋಕನ್ ನಲವತ್ತೊಂದನ್ನು ಕರೆದಳು. ಎದ್ದು ಬಂದವನು ಅವನು! ಕೂದಲಲ್ಲಿ ಮರದ ಪುಡಿ ಇನ್ನೂ ಹಾಗೇ ಇತ್ತು.

ಅವಳು ಗುರುತೇ ಇಲ್ಲದವಳಂತೆ ಚೀಟಿ ಬರೆಯತೊಡಗಿದಳು. "ಏನು ತೊಂದರೆ ಕಣ್ಣಿಗೆ?"

"ಕಣ್ಣು ಚೆನ್ನಾಗಿದೆ. ಬಾಯಿದೇ ತೊಂದರೆ. ಬೇಕಾದಾಗ ತೆರೆಯಲ್ಲ."

ಅವಳ ಪೆನ್ನು ನಿಂತಿತು.

"ಆ ಡ್ರಾಯರ್ ಕೆಟ್ಟಿರಲಿಲ್ಲ," ಅಂದ ಅವನು. "ಸಂದಿನಲ್ಲಿ ಗಾಳಿ ನುಸುಳೋಕೂ ಜಾಗ ಇಲ್ಲದಷ್ಟು ಸರಿಯಾಗಿ ಕೂತರೆ ಮಾತ್ರ ಹಾಗಾಗೋದು. ಒಂದನ್ನ ತಳ್ಳಿದ್ರೆ ಒಳಗಿನ ಗಾಳಿ ಇನ್ನೊಂದನ್ನ ಹೊರಗೆ ನೂಕುತ್ತೆ. ನಮ್ಮಪ್ಪ ಮಾಡ್ತಿದ್ರು. ಅವರು ಹೋದ ಮೇಲೆ ಒಂಬತ್ತು ವರ್ಷದಿಂದ ಪ್ರಯತ್ನ ಮಾಡ್ತಿದೀನಿ. ನನಗೆ ಒಂದು ಸಲಾನೂ ಆಗಿಲ್ಲ."

"ಮತ್ತೆ ಅವತ್ತು ಹಿತ್ತಿಲಿಗೆ ಹೊರಟು ಹೋದ್ರಲ್ಲ?"

"ಅಳು ಬಂತು. ಆಮೇಲೆ ಭಯ ಆಯ್ತು. ಚೆನ್ನಾಗಿದೆ ಅಂದ್ರೆ ಮುಗೀತು ಅಂತ ಅರ್ಥ. ಮುಗಿದ್ರೆ ನೀವು ಹೋಗ್ತೀರಿ."

ಅವಳಿಗೆ ಮೊದಲು ಬಂದದ್ದು ಸಂತೋಷವಲ್ಲ, ಮೈಯೆಲ್ಲ ಉರಿಯುವಷ್ಟು ಸಿಟ್ಟು. "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ಜೀವನದಲ್ಲಿ ಸರಿಯಾಗಿ ಮಾಡಿದ್ದು ಅದೊಂದೇ. ಅದನ್ನ ನನ್ನ ಕೈಯಾರೆ ಹಾಳು ಮಾಡಿಸಿದ್ರಿ."

"ಹೌದು. ತಪ್ಪು ನಂದೇ."

"ಸರಿಮಾಡೋಕಾಗುತ್ತಾ?"

"ಇಲ್ಲ. ಹೆರೆದ ಮರ ಮತ್ತೆ ಬೆಳೆಯಲ್ಲ. ಹೊಸದಾಗಿ ಮಾಡಬೇಕು. ಮೇಜು ಯಾರಿಗೂ ಕೊಟ್ಟಿಲ್ಲ."

ಸಿಟ್ಟು ಒಂದೇ ದಿನಕ್ಕೆ ಇಳಿಯಲಿಲ್ಲ. ಆದರೂ ಮುಂದಿನ ವಾರ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಮೂರು ವಾರ ಕೂತು ಆ ಡ್ರಾಯರನ್ನು ಮೊದಲಿಂದ ಮಾಡಿದಳು. ಅವನು ಈಗ ಬಾಯಿಬಿಟ್ಟು ಹೇಳುತ್ತಿದ್ದ, ಇದು ಚೆನ್ನಾಗಿದೆ, ಇದು ಸಾಲದು ಅಂತ. ಮೌನವ್ರತಕ್ಕೆ ಇದ್ದಕ್ಕಿದ್ದಂತೆ ಏನಾಯಿತು ಅಂತ ಪೋಸ್ಟ್‌ಮ್ಯಾನ್‌ಗೆ ಆಶ್ಚರ್ಯವೋ ಆಶ್ಚರ್ಯ.

ಹೊಸ ಡ್ರಾಯರ್ ಸರಾಗವಾಗಿ ಹೋಯಿತು, ಬಂತು. ಆದರೆ ಮೇಲಿನದನ್ನು ತಳ್ಳಿದರೆ ಅದು ಅಲುಗಲಿಲ್ಲ. ನಾಲ್ಕು ಸಲ ನೋಡಿದರು. ಇಲ್ಲ.

ಅವಳು ಅಳಲಿಲ್ಲ. ಕನ್ನಡಿ ಕೂರಿಸಿದಳು, ಕೊನೆಯ ತಿರುಪು ಬಿಗಿದಳು, ಬಟ್ಟೆಯಿಂದ ಧೂಳು ಒರೆಸಿದಳು. ಮುಗಿದಿತ್ತು. ಒಂದು ಕೆಲಸ, ಮೊದಲಿನಿಂದ ಕೊನೆಯವರೆಗೆ, ಅವಳದೇ ಕೈಯಲ್ಲಿ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಅದನ್ನು ನೋಡಿದಳು.

ಅವನೂ ಪಕ್ಕದಲ್ಲೇ ನಿಂತಿದ್ದ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಸೇರಿದವು. ಅವನು ಬೇಗನೆ ಕೆಳಗೆ ನೋಡಿದ.

"ನನ್ನ ಮನೆ ಮೂರನೇ ಮಹಡಿ," ಅಂದಳು ಅವಳು. "ಒಬ್ಬಳೇ ಎತ್ತೋಕಾಗಲ್ಲ. ಆ ಕಡೆ ನೀವು ಹಿಡ್ಕೊಳ್ಳಿ."

"ಇವತ್ತೇನಾ?"

"ಇವತ್ತೇ. ಅಕ್ಕ ಮನೇಲಿದ್ದಾಳೆ. ಅವಳ ಮಗಳಿಗೆ ಆರು ವರ್ಷ, ಬಾಯಿ ತುಂಬಾ ಜೋರು. ಬಾಗಿಲಲ್ಲೇ ಕೇಳ್ತಾಳೆ, ಇವರನ್ನ ನಾನು ಏನಂತ ಕರೀಲಿ ಅಂತ. ಏನು ಹೇಳಲಿ?"

ಅವನು ಕೂದಲಿನ ಮರದ ಪುಡಿ ಕೊಡವಿಕೊಂಡ. ಅವಳು ಈ ಸಲ ಹೊರಟು ಹೋಗಲಿಲ್ಲ, ಕಾದಳು.

"ಚಿಕ್ಕಪ್ಪ ಅಂತ ಕರೀಲಿ," ಅಂದ. "...ನೀವು ಒಪ್ಪಿದ್ರೆ."

ಅವಳ ಕಣ್ಣು ತುಂಬಿತು. ಬಗ್ಗಿ ಡ್ರೆಸ್ಸರಿನ ಒಂದು ತುದಿಗೆ ಕೈ ಹಾಕಿದಳು.

"ಎತ್ತಿ ಮತ್ತೆ," ಅಂದಳು.