ಚೂಟಿ ಬರೆದ ಅಂಕಿ

"ಎಷ್ಟು ಬಂತೇ?" ಅಜ್ಜಿ ಬೆರಳಿಗೆ ಹತ್ತಿ ಒತ್ತಿಕೊಂಡೇ ಕೇಳಿದಳು.

ಚೂಟಿ ಮೀಟರ್ ನೋಡಿದಳು. ಇನ್ನೂರ ನಲವತ್ತೊಂದು!

"ನೂರ ನಲವತ್ತೊಂದು ಅಜ್ಜಿ" ಎಂದಳು. ನೋಟ್‌ಬುಕ್ಕಿನಲ್ಲೂ ಹಾಗೇ ಬರೆದಳು.

ಅಮ್ಮ ಬೆಳಗ್ಗೇ ಕೆಲಸಕ್ಕೆ ಹೋಗುತ್ತಿದ್ದರಿಂದ ಅಜ್ಜಿಯ ಸಕ್ಕರೆ ನೋಡುವ ಕೆಲಸ ಚೂಟಿಯದು. ಅಜ್ಜಿಗೋ ಎರಡೂ ಕಣ್ಣಿಗೆ ಪೊರೆ. ಮೀಟರಿನ ಅಂಕಿ ಹಾಗಿರಲಿ, ನಲವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳು ಈಗ ಒಂದು ಗುಂಡಿ ಹೊಲಿಯಲೂ ತಡಕಾಡುತ್ತಿದ್ದಳು.

ಕಣ್ಣಿನ ಆಪರೇಶನ್ ಆಗಬೇಕಿತ್ತು. ಆದರೆ ಸಕ್ಕರೆ ಇಳಿಯದೆ ಮಾಡುವಂತಿಲ್ಲವೆಂದು ಕಳೆದ ತಿಂಗಳು ಡಾಕ್ಟರು ವಾಪಸು ಕಳಿಸಿದ್ದರು. ಅವತ್ತು ಅಜ್ಜಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಿದ್ದಳು. ಅದನ್ನು ಇನ್ನೊಮ್ಮೆ ನೋಡಲು ಚೂಟಿಯಿಂದ ಆಗುತ್ತಿರಲಿಲ್ಲ.

"ಭೇಷ್ ಡಾಕ್ಟ್ರಮ್ಮ! ವಾರದಿಂದ ಇಳೀತಾನೇ ಇದೆ. ಹಾಗಾದ್ರೆ ಇವತ್ತೂ ಎರಡು ಬಿಸ್ಕತ್ತು ತಿನ್ನೋಕೆ ಅಡ್ಡಿಯಿಲ್ಲ." ಅಜ್ಜಿ ನಗುತ್ತಾ ಡಬ್ಬಿಗೆ ಕೈ ಹಾಕಿದಳು.

ಸಂಜೆ ಅಮ್ಮ ಬಂದ ಮೇಲೆ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರು ನೋಟ್‌ಬುಕ್ ತಿರುವಿ ತಲೆದೂಗಿದರು.

"ಪರವಾಗಿಲ್ವೇ! ಹೀಗೇ ಇದ್ರೆ ಸೋಮವಾರ ಮಾಡಿಬಿಡೋಣ."

"ಸಕ್ಕರೆ ಇಳೀದೇ ಇದ್ದಿದ್ರೆ ಏನಾಗ್ತಿತ್ತು ಡಾಕ್ಟ್ರೇ?" ಅಜ್ಜಿ ಕೇಳಿದಳು.

"ಗಾಯ ಬೇಗ ಮಾಯಲ್ಲ ಅಜ್ಜಿ. ಕೀವಾಗಿಬಿಟ್ರೆ ಇರೋ ನೋಟಾನೂ ಹೋಗ್ಬಹುದು."

ಡಾಕ್ಟರ ಪೆನ್ನು ಚೀಟಿಯ ಮೇಲೆ ಓಡತೊಡಗಿತ್ತು.

"ಬರೀಬೇಡಿ!" ಚೂಟಿ ಕಿರುಚಿದಳು. "ಅದೆಲ್ಲ ಸುಳ್ಳು. ನಾನೇ ಕಮ್ಮಿ ಬರ್ದೆ."

ಡಾಕ್ಟರು ಅಮ್ಮನ ಚೀಲದಲ್ಲಿದ್ದ ಮೀಟರ್ ಇಸಕೊಂಡು ಒಂದು ಗುಂಡಿ ಒತ್ತಿದರು. ಹಳೆಯ ಅಂಕಿಗಳು ಒಂದೊಂದಾಗಿ ಬಂದವು. ಇನ್ನೂರ ನಲವತ್ತೊಂದು. ಇನ್ನೂರ ಇಪ್ಪತ್ತೆಂಟು. ಇನ್ನೂರ ಐವತ್ತು. ಮೀಟರ್ ಒಂದನ್ನೂ ಮರೆತಿರಲಿಲ್ಲ.

ಡಾಕ್ಟರು ಸೋಮವಾರವನ್ನು ಹೊಡೆದುಹಾಕಿ ಬೇರೆ ಔಷಧಿ ಬರೆದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಚೂಟಿಗೆ.

ದಾರಿಯುದ್ದಕ್ಕೂ ಅಜ್ಜಿ ಅಮ್ಮನ ಪಕ್ಕದಲ್ಲೇ ನಡೆದಳು. ಆದರೆ ರಸ್ತೆ ದಾಟುವಾಗ ಎಂದಿನಂತೆ ಚೂಟಿಯ ಭುಜವನ್ನೇ ಹುಡುಕಿ ಹಿಡಿದುಕೊಂಡಳು. ಚೂಟಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಬೆಳಗ್ಗೆ ಅಜ್ಜಿ ತಾನಾಗಿಯೇ ಬೆರಳು ಚಾಚಿದಳು.

"ಎಷ್ಟು ಬಂತೇ?"

ಅದೇ ಪ್ರಶ್ನೆ, ಅದೇ ದನಿ.

"ಇನ್ನೂರ ಮೂವತ್ತಾರು, ಅಜ್ಜಿ."

ಅಜ್ಜಿಯ ಮುಖ ಸಣ್ಣದಾಯಿತು. ಆಮೇಲೆ ಬಿಸ್ಕತ್ತಿನ ಡಬ್ಬಿ ಎತ್ತಿ ಚೂಟಿಯ ಮಡಿಲಲ್ಲಿಟ್ಟಳು.

"ತಗೋ. ನನ್ನ ಕೈಗೆ ಸಿಗದ ಕಡೆ ಇಡು. ಎಲ್ಲಿಟ್ಟೆ ಅಂತ ಎಷ್ಟು ಗೋಗರೆದ್ರೂ ಹೇಳ್ಬೇಡ."

"ಅದೊಂದು ಮಾತ್ರ ಹೇಳಲ್ಲ" ಎಂದಳು ಚೂಟಿ.

ನೋಟ್‌ಬುಕ್ ತೆರೆದು ಮೀಟರನ್ನು ಇನ್ನೊಮ್ಮೆ ನೋಡಿದಳು. ಮೊದಲ ಅಂಕಿಯಾಗಿ ಎರಡನ್ನೇ ಬರೆದಳು.