ಕಾಲು ಸುತ್ತು ಹೆಚ್ಚು

ಡಿಸೆಂಬರ್ ಮೊದಲ ಶನಿವಾರ, ಬೆಳಿಗ್ಗೆ ಎಂಟು ಗಂಟೆ. ರಾತ್ರಿ ಬಿದ್ದ ಹಿಮವನ್ನು ಅಂಗಳದ ಪಕ್ಕಕ್ಕೆ ತಳ್ಳಿ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲೇ ಹಲ್ಲಿನ ಡಾಕ್ಟರ್ ಕುರೊಬಾನೆ ತಮ್ಮ ನೀಲಿ ಕಾರಿನ ಬಾಗಿಲು ಧಡಾರನೆ ಹಾಕಿ, ನುಮಕುರ ಗ್ಯಾರೇಜಿನ ಮುಂದೆ ಕೂಗಾಡುತ್ತಿದ್ದರು.

"ಇದು ಹಾಲು ಹಾಕೋ ವ್ಯಾನ್ ಅಲ್ಲ ಕಣ್ರೀ! ರೇಸ್ ಓಡೋ ಜಾತಿ. ನಾಲ್ಕು ಚಕ್ರಕ್ಕೂ ಇಂಜಿನ್ ಎಳೆತ ಕೊಡ್ಬೇಕು. ಹೋದ ಭಾನುವಾರ ಸ್ಕೀ ಗುಡ್ಡದ ಏರಲ್ಲಿ ಹಳದಿ ಲೈಟ್ ಹತ್ಕೊಂಡು ಹಿಂದಿನ ಎರಡು ಚಕ್ರ ಕೆಲ್ಸಾನೇ ನಿಲ್ಲಿಸಿಬಿಟ್ವು. ಮುಂದಿನವು ಮಾತ್ರ ಹಿಮ ಕೆರೀತಾ ಇದ್ವು, ಕೋಳಿ ಥರ!"

"ಆಮೇಲೆ ಹೇಗೆ ಬಂದ್ರಿ ಡಾಕ್ಟ್ರೇ?" ಗ್ಯಾರೇಜಿನ ಯಜಮಾನ ನುಮಕುರ ಗೆನ್‌ಜೊ ತಾತ ಮೆಲ್ಲಗೆ ಕೇಳಿದರು.

ಡಾಕ್ಟರ್ ಕೆಮ್ಮಿದರು. ಉತ್ತರ ಬಂದಿದ್ದು ಕಾರಿನೊಳಗಿದ್ದ ಅವರ ಮಗ ರೈಕಿಯಿಂದ. "ಆಲೂಗಡ್ಡೆ ಬೆಳೆಯೋ ಅಜ್ಜನ ಪುಟ್ಟ ಲಾರಿ ಎಳ್ಕೊಂಡು ಬಂತು!"

"ನೀನು ಬಾಯಿ ಮುಚ್ಚೋ!"

ತಾತನ ಮೊಮ್ಮಗಳು ಕೊಟೊನೆ ಬಾಗಿಲ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳೂ ರೈಕಿಯೂ ಐದನೇ ಕ್ಲಾಸು, ಒಂದೇ ಸೆಕ್ಷನ್.

"ನವೆಂಬರಲ್ಲಿ ಇಲ್ಲಿ ಬೇಸಿಗೆ ಟಯರ್ ಬಿಚ್ಚಿ ಹಿಮದ ಟಯರ್ ಹಾಕಿಸ್ಕೊಂಡು ಹೋದ ಮೇಲೇ ಶುರುವಾಗಿದ್ದು" ಎಂದು ಡಾಕ್ಟರ್ ಬೆರಳು ಚಾಚಿದರು. "ಹಾಕಿದ್ದು ಆಯಮ್ಮ. ಟ್ರ್ಯಾಕ್ಟರ್ ಬಿಚ್ಚಿದ ಕೈಗೆ ಇಂಥ ಕಾರು ಕೊಡ್ತಾರಾ ಯಾರಾದ್ರೂ?"

ಬೆರಳು ಚಾಚಿದ ಕಡೆ ಓಕುದೆರ ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಅಗಲ ಭುಜ, ಮಾತು ಕಡಿಮೆ. ಇಪ್ಪತ್ತೆಂಟು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವಳು. ಆ ಅಂಗಡಿ ಮುಚ್ಚಿಹೋದ ಮೇಲೆ ಅಕ್ಟೋಬರಿನಲ್ಲಿ ತಾತನ ಹತ್ತಿರ ಕೆಲಸ ಕೇಳಿ ಬಂದಿದ್ದಳು. ವರ್ಷ ಮುಗಿಯುವವರೆಗೆ ಇರು, ಆಮೇಲೆ ನೋಡೋಣ ಎಂದು ತಾತ ಹೇಳಿದ್ದರು.

"ಎಷ್ಟು ಹೊತ್ತು ಓಡಿಸಿದ ಮೇಲೆ ಲೈಟ್ ಹತ್ತುತ್ತೆ?" ಎಂದು ಓಕುದೆರ ಕೇಳಿದಳು.

ಡಾಕ್ಟರ್ ಅವಳಿಗೆ ಉತ್ತರ ಕೊಡಲಿಲ್ಲ. ತಾತನ ಕಡೆ ತಿರುಗಿ ಹೇಳಿದರು. "ಇಪ್ಪತ್ತು ನಿಮಿಷ. ನಿಲ್ಲಿಸಿ ಒಂದು ಕಾಫಿ ಕುಡಿದ್ರೆ ಆರಿಹೋಗುತ್ತೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಲೈಟು."

ಅವರು ಆಗಲೇ ಪೇಟೆಯ ದೊಡ್ಡ ವರ್ಕ್‌ಶಾಪಿಗೂ ಹೋಗಿ ಬಂದಿದ್ದರು. ಅಲ್ಲಿ ಬಿಳಿ ಕೈಗವಸಿನ ಹುಡುಗರು ಕಾರಿಗೆ ಕಂಪ್ಯೂಟರಿನ ವಯರ್ ಚುಚ್ಚಿದರು. ಹಿಂದಿನ ಚಕ್ರಕ್ಕೆ ಎಳೆತ ಕಳಿಸುವ ಕ್ಲಚ್ ವಿಪರೀತ ಕಾದಿದೆ ಎಂದಿತು ಕಂಪ್ಯೂಟರ್. ಹಾಗಾದರೆ ಪೂರ್ತಿ ಬದಲಾಯಿಸಿ ಎಂದರು ಹುಡುಗರು. ಅದು ಯಾಕೆ ಕಾಯಿತು ಎಂದು ಕಂಪ್ಯೂಟರ್ ಹೇಳಲಿಲ್ಲ, ಹುಡುಗರೂ ಕೇಳಲಿಲ್ಲ. ಕೈಗವಸು ಮಾತ್ರ ಕೊನೆವರೆಗೂ ಬೆಳ್ಳಗೇ ಇತ್ತು.

"ಮುಂದಿನ ಶನಿವಾರ ಬರ್ತೀನಿ" ಎಂದರು ಡಾಕ್ಟರ್. "ಅಷ್ಟರಲ್ಲಿ ಕಾರು ಸರಿ ಇರ್ಬೇಕು. ಆಯಮ್ಮ ಇಲ್ಲಿರಬಾರದು. ಇಲ್ಲದಿದ್ರೆ ನನ್ನ ಕಾರು, ನನ್ನ ಹೆಂಡ್ತಿ ಕಾರು, ಕ್ಲಿನಿಕ್ಕಿನ ಮೂರು ವ್ಯಾನು, ಯಾವುದೂ ಈ ಅಂಗಳಕ್ಕೆ ಬರಲ್ಲ."

ಓಕುದೆರ ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದಳು. ಹೊರಗೆ ಕಾಣುತ್ತಿದ್ದದ್ದು ಅವಳ ರಬ್ಬರ್ ಬೂಟು ಮಾತ್ರ. ಅದನ್ನು ನೋಡಿ ಕೊಟೊನೆ ಮೂಗಿನಲ್ಲಿ ಪುಸಕ್ಕನೆ ನಕ್ಕಳು.

* * *

ಸೋಮವಾರ ಸ್ಕೂಲಿನಲ್ಲಿ ಊಟ ಬಡಿಸುವ ಸರದಿ ರೈಕಿಯದು. ಬಿಳಿ ಟೋಪಿ ಹಾಕಿಕೊಂಡು ಸೌಟು ಹಿಡಿದಿದ್ದ. ಕೊಟೊನೆ ತಟ್ಟೆ ಒಡ್ಡಿದ ಕೂಡಲೇ ಸೌಟನ್ನೇ ಸ್ಟೇರಿಂಗ್ ಮಾಡಿ ತಿರುಗಿಸಿದ.

"ಡುರ್ರ್ ಡುರ್ರ್! ದಾರಿ ಬಿಡ್ರೋ, ಟ್ರ್ಯಾಕ್ಟರಮ್ಮ ಬಂದ್ಳು! ರೇಸ್ ಕಾರ್ ತಗೊಂಡು ಗದ್ದೆ ಉಳ್ತಾಳಂತೆ!"

ಕ್ಲಾಸೆಲ್ಲ ನಕ್ಕಿತು.

"ಅವಳೇನು ನಮ್ಮೋಳಲ್ಲ" ಎಂದಳು ಕೊಟೊನೆ ಗಟ್ಟಿಯಾಗಿ. "ತಾತ ಪಾಪ ಅಂತ ಇಟ್ಕೊಂಡಿರೋದು. ಅವಳಿಗೆ ಕಾರಿನ ಬಗ್ಗೆ ಒಂದು ಚೂರೂ ಗೊತ್ತಿಲ್ಲ."

ರೈಕಿ ಅವಳ ತಟ್ಟೆಗೆ ಒಂದು ಆಲೂಗಡ್ಡೆ ಜಾಸ್ತಿ ಹಾಕಿದ. ಅವಳು ಅದನ್ನು ಖುಷಿಯಿಂದಲೇ ತಿಂದಳು.

* * *

ಗುರುವಾರ ಸ್ಕೂಲ್ ಬಿಟ್ಟು ಬಂದಾಗ ಗ್ಯಾರೇಜಿನಲ್ಲಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಓಕುದೆರ ಆ ಕ್ಲಚ್ಚಿನ ಎಣ್ಣೆ ಇಳಿಸಿದ್ದಳು. ಡಬ್ಬದಲ್ಲಿದ್ದ ಎಣ್ಣೆ ಕರೀ ಕಷಾಯದಂತಿತ್ತು.

"ಮಂಗಳವಾರಾನೇ ಹೊಸ ಎಣ್ಣೆ ಹಾಕಿದ್ದೆ" ಎಂದು ತಾತನಿಗೆ ಹೇಳುತ್ತಿದ್ದಳು. "ಎಣ್ಣೆ ಸೋಸೋ ಜಾಲರಿ ತೊಳೆದೆ. ಪಂಪ್ ಚೆನ್ನಾಗಿದೆ, ವಯರೂ ಚೆನ್ನಾಗಿದೆ. ನೇರ ರಸ್ತೇಲಿ ಓಡಿಸಿದೆ, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಲೈಟ್ ಬಂತು. ಎರಡೇ ದಿನಕ್ಕೆ ಎಣ್ಣೆ ಈ ಥರ ಆಗಿದೆ. ಕ್ಲಚ್ ಕೆಟ್ಟಿಲ್ಲ ಯಜಮಾನ್ರೇ. ಅದನ್ನ ಏನೋ ತಿಕ್ತಾ ಇದೆ."

ಮತ್ತೆ ಹೊಸ ಎಣ್ಣೆ ತುಂಬಿಸಿದಳು. ಆಮೇಲೆ ಒಂದು ಸೀಮೆಸುಣ್ಣ ಹುಡುಕಿ ತಂದು, ಮುಂದಿನ ಟಯರು ನೆಲ ಮುಟ್ಟುವಲ್ಲಿ ಒಂದು ಗೆರೆ, ಹಿಂದಿನ ಟಯರು ನೆಲ ಮುಟ್ಟುವಲ್ಲಿ ಒಂದು ಗೆರೆ ಎಳೆದಳು.

"ಕೊಟೊನೆ, ಮುಂದಿನ ಚಕ್ರದ ಪಕ್ಕ ನಡ್ಕೊಂಡು ಬಾ. ಗೆರೆ ಕೆಳಕ್ಕೆ ಬಂದಾಗೆಲ್ಲ ಲೆಕ್ಕ ಹಾಕು. ಹತ್ತಕ್ಕೆ ನಿಲ್ಸು."

"ಇದೇನ್ ಆಂಟಿ, ಬಾಲವಾಡಿ ಆಟಾನಾ? ಕಂಪ್ಯೂಟರಿಗೇ ಗೊತ್ತಾಗದ್ದು ಚಾಕ್‌ಪೀಸಿಗೆ ಗೊತ್ತಾಗುತ್ತಾ?"

"ನೋಡೋಣ."

ತಾತ ಸ್ಟೇರಿಂಗ್ ಹಿಡಿದರು, ಓಕುದೆರ ಹಿಂದಿನಿಂದ ತಳ್ಳಿದಳು. ಕಾರು ಅಂಗಳದಲ್ಲಿ ಗೇಟಿನ ಕಡೆ ಮೆಲ್ಲಗೆ ಉರುಳಿತು. "ಒಂದು... ಎರಡು..." ಕೊಟೊನೆ ಬೇಕೆಂತಲೇ ಒಂದನೇ ಕ್ಲಾಸಿನ ಮಕ್ಕಳ ಹಾಗೆ ರಾಗ ಎಳೆದಳು. "ಹತ್ತೂ!"

ಕಾರು ನಿಂತಿತು. ಮುಂದಿನ ಟಯರಿನ ಗೆರೆ ಸರಿಯಾಗಿ ನೆಲಕ್ಕಿತ್ತು.

"ಈಗ ಹಿಂದಿಂದು ನೋಡು."

ಹಿಂದಿನ ಟಯರಿನ ಗೆರೆ ನೆಲದಲ್ಲಿರಲಿಲ್ಲ. ಗಡಿಯಾರದಲ್ಲಿ ಆರರ ಜಾಗದಲ್ಲಿ ಇರಬೇಕಾದದ್ದು ಒಂಬತ್ತರ ಜಾಗಕ್ಕೆ ಹತ್ತಿ ಕೂತಿತ್ತು.

ಕೊಟೊನೆಯ ರಾಗ ನಿಂತಿತು. "ಕಾಲು ಸುತ್ತು ಜಾಸ್ತಿ ತಿರುಗಿದೆ" ಎಂದಳು. ಆ ತಿಂಗಳು ಲೆಕ್ಕದ ಪಾಠದಲ್ಲಿ ವೃತ್ತದ ಸುತ್ತಳತೆಯೇ ನಡೆಯುತ್ತಿತ್ತು. "ಅಂದ್ರೆ... ಹಿಂದಿನ ಟಯರ್ ಚಿಕ್ಕದು!"

"ಟ್ರ್ಯಾಕ್ಟರಲ್ಲಿ ಹಿಂದೆ ಮುಂದೆ ಅಳತೆ ತಪ್ಪಿದ ಟಯರ್ ಹಾಕಿದ್ರೆ ಒಂದೇ ವಾರಕ್ಕೆ ಗೇರು ಮುರಿಯುತ್ತೆ" ಎಂದಳು ಓಕುದೆರ. "ಇಲ್ಲಿ ಮುರಿಯೋ ಬದ್ಲು ಕ್ಲಚ್ ಜಾರ್ತಾ ಇದೆ. ಹಿಂದಿನ ಚಕ್ರ ಜಾಸ್ತಿ ತಿರುಗುತ್ತೆ, ಮುಂದಿಂದು ಕಮ್ಮಿ. ಮಧ್ಯದಲ್ಲಿ ಸಿಕ್ಕಿಕೊಂಡ ಕ್ಲಚ್ ಉಜ್ಜಿ ಉಜ್ಜಿ ಕಾಯುತ್ತೆ. ಸುಟ್ಟು ಹೋಗಬಾರದು ಅಂತ ಕಾರೇ ಅದನ್ನ ಬಿಟ್ಟುಬಿಡುತ್ತೆ. ಕಾರಿಗೆ ಬುದ್ಧಿ ಇದೆ."

ಅವಳು ಟಯರಿನ ಪಕ್ಕದ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದಳು. ಮುಂದಿನವುಗಳ ಮೇಲೆ 245, ಹಿಂದಿನವುಗಳ ಮೇಲೆ 225. ಅಚ್ಚುಹಾಕಿದ ಅಳತೆಯ ಅಂಕಿ. ಕಂಪ್ಯೂಟರ್ ಚುಚ್ಚಿದವರು, ಕೂಗಾಡಿದವರು, ಯಾರೂ ಬಗ್ಗಿ ಓದಿರಲಿಲ್ಲ.

"225 ಡಾಕ್ಟ್ರ ಹೆಂಡತಿ ಕಾರಿಂದು" ಎಂದರು ತಾತ. "ಎರಡಕ್ಕೂ ಒಂದೇ ನಮೂನೆ ರಿಮ್ಮು. ಆ ಕಾರಿಗೆ ಮುಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, ಅದಕ್ಕೆ ಅಲ್ಲಿ ಏನೂ ಗೊತ್ತಾಗಿಲ್ಲ."

ಕೊಟೊನೆ ಟಯರಿನ ಮೇಲಿನ ಸೀಮೆಸುಣ್ಣದ ಗೆರೆಯನ್ನೇ ನೋಡಿದಳು.

ಏಪ್ರಿಲ್ ಕೊನೆಯಲ್ಲಿ ಹಿಮದ ಟಯರುಗಳನ್ನು ಬಿಚ್ಚಿ ಮುಂದಿನ ಚಳಿಗಾಲದವರೆಗೆ ಗ್ಯಾರೇಜಿನಲ್ಲೇ ಎತ್ತಿಡುವ ಹೊತ್ತಿಗೆ ಆ ಎರಡು ಕಾರೂ ಒಂದೇ ದಿನ ಬಂದಿದ್ದವು. ಟಯರಿನ ಮೇಲೆ ಯಾರದು, ಮುಂದಿನದೋ ಹಿಂದಿನದೋ ಎಂದು ಸೀಮೆಸುಣ್ಣದಲ್ಲಿ ಬರೆಯುವುದು ಅವಳ ಕೆಲಸ. ಅಕ್ಷರ ಬರೆಯುವ ಸ್ಪರ್ಧೆಯಲ್ಲಿ ಬಹುಮಾನ ಬಂದ ಕೈ ಅದು. ತಾತ ಹಾಕಿದ್ದ ನಿಯಮ ಒಂದೇ: ಚಕ್ರ ಕಾರಿನಲ್ಲಿದ್ದಾಗಲೇ ಬರೆಯಬೇಕು, ಬಿಚ್ಚುವುದು ಆಮೇಲೆ. ಆವತ್ತು ಟಿವಿಯಲ್ಲಿ ಅವಳ ಇಷ್ಟದ ಕಾರ್ಯಕ್ರಮ ಶುರುವಾಗುವುದರಲ್ಲಿತ್ತು. "ಬರೆದಾಯ್ತಾ?" ಎಂದು ತಾತ ಒಳಗಿನಿಂದ ಕೇಳಿದಾಗ "ಹೂಂ, ಆಯ್ತು" ಎಂದು ಗ್ಯಾರೇಜಿನ ಮೇಲಿನ ಮನೆಗೆ ಓಡಿದ್ದಳು. ತಿರುಗಿ ಬಂದಾಗ ಎಂಟು ಚಕ್ರಗಳು ಒಂದೇ ಸಾಲಿನಲ್ಲಿ ಮಲಗಿದ್ದವು. ಈ ಕಡೆಯ ನಾಲ್ಕು ಡಾಕ್ಟರದು, ಆ ಕಡೆಯ ನಾಲ್ಕು ಅವರ ಹೆಂಡತಿಯದು ಎಂದು ತನಗೆ ತಾನೇ ಹೇಳಿಕೊಂಡು ಬರೆದು ಮುಗಿಸಿದ್ದಳು.

"ಆಂಟಿ, ನವೆಂಬರಲ್ಲಿ ಹಾಕೋವಾಗ... ನೀವು ನಂಬರ್ ನೋಡ್ಲಿಲ್ವಾ?"

ಓಕುದೆರ ಕೈ ಒರೆಸಿಕೊಂಡಳು. "ಟಯರ್ ಮೇಲೆ ಬಿಳಿ ಅಕ್ಷರ ಇತ್ತು. ಎಷ್ಟು ಮುದ್ದಾಗಿತ್ತು ಅಂದ್ರೆ, ಅದನ್ನೇ ನಂಬಿಬಿಟ್ಟೆ."

ಅಷ್ಟೇ. ನಟ್ಟು ಬಿಚ್ಚುವ ಪಾನ ಹುಡುಕಲು ಹೋದಳು.

ಶುಕ್ರವಾರ ಡಾಕ್ಟರ ಹೆಂಡತಿಯ ಕಾರನ್ನು ತರಿಸಿ ಎರಡೆರಡು ಚಕ್ರ ಅದಲುಬದಲು ಮಾಡಿದರು. ನೀಲಿ ಕಾರನ್ನು ಓಕುದೆರ ಆಲೂಗಡ್ಡೆ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಒಂದು ಗಂಟೆ ಓಡಿಸಿದಳು. ಲೈಟ್ ಹತ್ತಲಿಲ್ಲ. ಎಣ್ಣೆ ತೆಗೆದು ನೋಡಿದರೆ ಜೇನಿನ ಬಣ್ಣ ಹಾಗೇ ಇತ್ತು.

* * *

ಶನಿವಾರ ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು, ಹಿಂದೆ ರೈಕಿ. ತಾತ ಬಾಯಿ ತೆರೆಯುವ ಮೊದಲೇ ಓಕುದೆರ ಮುಂದೆ ಬಂದು ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಟಯರ್ ಅದಲುಬದಲಾಗಿತ್ತು ಡಾಕ್ಟ್ರೇ. ನಂಬರ್ ಓದದೆ ಹಾಕಿದ್ದು ನಾನು. ತಪ್ಪು ನಂದು. ಈಗ ಕಾರು ಸರಿಯಾಗಿದೆ. ಕ್ಲಚ್ ಬದಲಾಯಿಸೋದು ಬೇಕಾಗಿಲ್ಲ."

"ಹ್ಹ! ನಾನೇನು ಹೇಳಿದ್ದೆ?" ಡಾಕ್ಟರ ಮುಖ ಅರಳಿತು. ಕಾರು ಸರಿಯಾಗಿದ್ದಕ್ಕಿಂತ ತಮ್ಮ ಮಾತು ಸರಿಯಾಗಿದ್ದೇ ಅವರಿಗೆ ದೊಡ್ಡದು. "ಎರಡು ನಂಬರ್ ಓದೋಕೆ ಬರಲ್ಲ, ಕಾರು ರಿಪೇರಿ ಮಾಡ್ತಾರಂತೆ! ಹೊಲಕ್ಕೆ ವಾಪಸ್ ಕಳಿಸ್ರೀ."

ಓಕುದೆರ ಬಗ್ಗಿಸಿದ ತಲೆ ಎತ್ತಲಿಲ್ಲ. ರೈಕಿ ಮೂಗಿನಲ್ಲಿ ಪುಸಕ್ಕನೆ ನಕ್ಕ.

ಕೊಟೊನೆ ಆ ಸದ್ದನ್ನು ಕೇಳಿದಳು. ಎಲ್ಲೋ ಕೇಳಿದ ಸದ್ದು. ಯಾರದೆಂದು ನೆನಪಾದಾಗ ಅವಳ ಕಿವಿ ಬಿಸಿಯಾಯಿತು. ಅದು ಅವಳದೇ ನಗು.

"ಟಯರ್ ಮೇಲೆ ಹೆಸರು ಬರೆದಿದ್ದು ನಾನು" ಎಂದಳು.

ಎಲ್ಲರೂ ತಿರುಗಿದರು.

"ಬಿಚ್ಚೋ ಮೊದ್ಲು ಬರೀಬೇಕಿತ್ತು. ನಾನು ಬಿಚ್ಚಿದ ಮೇಲೆ ಬರೆದೆ. ಯಾರ್ದು ಯಾವ್ದು ಗೊತ್ತಿರ್ಲಿಲ್ಲ, ಸುಮ್ನೆ ಬರೆದೆ. ತಾತಂಗೂ ಸುಳ್ಳು ಹೇಳಿದೆ. ಕಂಡುಹಿಡಿದಿದ್ದು ಓಕುದೆರ ಆಂಟಿ. ಬೇರೆ ಯಾರಿಗೂ ಗೊತ್ತಾಗಿರ್ಲಿಲ್ಲ."

ಡಾಕ್ಟರ್ ಒಂದು ಗಳಿಗೆ ಕಣ್ಣು ಮಿಟುಕಿಸಿದರು. ಆಮೇಲೆ ಜೋರಾಗಿ ನಕ್ಕರು. "ಭೇಷ್! ಬರೆಯೋಕೊಂದು ಮಗು, ಬಿಗಿಯೋಕೊಂದು ಟ್ರ್ಯಾಕ್ಟರು, ನೋಡ್ಕೊಳ್ಳೋಕೊಬ್ಬ ಮುದುಕ! ನುಮಕುರ, ಕೊನೇ ಸಲ ಕೇಳ್ತೀನಿ. ಆಯಮ್ಮ ಹೋಗ್ತಾಳೋ, ನಾನು ಹೋಗ್ಲೋ?"

ತಾತ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮೊಮ್ಮಗಳನ್ನು ನೋಡಿದರು, ಬಯ್ಯಲಿಲ್ಲ. ಓಕುದೆರಳನ್ನು ನೋಡಿದರು.

"ನಿಮ್ಮ ಬೇಸಿಗೆ ಟಯರ್ ಎಂಟು ಇಲ್ಲೇ ಇವೆ ಡಾಕ್ಟ್ರೇ" ಎಂದರು. "ಈಗ್ಲೇ ತಗೊಂಡು ಹೋಗ್ತೀರಾ?"

ಡಾಕ್ಟರಿಗೆ ಬೇರೆ ಉತ್ತರ ಬೇಕಿತ್ತು. ಆದರೆ ಆಡಿದ ಮಾತು ನುಂಗುವ ಜಾತಿಯಲ್ಲ ಅವರು. "ತುಂಬಿ!" ಎಂದು ಅಬ್ಬರಿಸಿದರು.

ರೇಸ್ ಜಾತಿಯ ಆ ಕಾರಿನ ಡಿಕ್ಕಿಯಲ್ಲಿ ಒಂದು ಟಯರು ಹಿಡಿಸಿತು. ಹಿಂದಿನ ಸೀಟಿನಲ್ಲಿ ಇನ್ನೊಂದು. ಮೂರನೆಯದು ರೈಕಿಯ ತೊಡೆಯ ಮೇಲೆ ಕೂತಿತು. ಅವನ ಗಲ್ಲ ರಬ್ಬರಿಗೆ ಒತ್ತಿಕೊಂಡು ಬಾಯಿ ಓರೆಯಾಗಿತ್ತು.

"ಉಳಿದಿದ್ದನ್ನ ನಮ್ಮ ಲಾರಿಲಿ ಮನೆಗೆ ತಂದುಕೊಡ್ತೀನಿ" ಎಂದಳು ಓಕುದೆರ. ಡಾಕ್ಟರ್ ಕೇಳಿಸದವರಂತೆ ಕಾರು ಹೊರಡಿಸಿದರು. ಗೇಟಿನ ಮುಂದಿನ ರಸ್ತೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಕಾರು ಒಂದಿಷ್ಟೂ ಜಾರದೆ, ನಾಲ್ಕು ಚಕ್ರವನ್ನೂ ನೆಲಕ್ಕೆ ಕಚ್ಚಿ ಸರಾಗವಾಗಿ ಹೊರಟಿತು. ಅದನ್ನು ಅವರೊಬ್ಬರು ಮಾತ್ರ ಗಮನಿಸಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ರೈಕಿ ಏನೇನು ಹೇಳುತ್ತಾನೆ, ಯಾರ್ಯಾರು ನಗುತ್ತಾರೆ ಎಂದು ಕೊಟೊನೆಗೆ ಆಗಲೇ ಗೊತ್ತಿತ್ತು. ನಗಲಿ ಎನಿಸಿತು. ಅವಳು ಉಳಿದ ಐದು ಟಯರುಗಳಲ್ಲಿ ಒಂದನ್ನು ಎತ್ತಿ ನಿಲ್ಲಿಸಿ ಲಾರಿಯ ಕಡೆ ಉರುಳಿಸತೊಡಗಿದಳು. ಅದು ವಾಲಿದಾಗ ಇನ್ನೊಂದು ಬದಿಗೆ ಓಕುದೆರ ಕೈ ಕೊಟ್ಟಳು.

ಕುರೊಬಾನೆ ಡಾಕ್ಟರ್ ನುಮಕುರ ಗ್ಯಾರೇಜು ಬಿಟ್ಟು ಹೋದದ್ದು ಹೀಗೆ, ಡಿಸೆಂಬರ್ ಹದಿನಾಲ್ಕು, ಶನಿವಾರ. ಓಕುದೆರ ಹೋಗಲಿಲ್ಲ.