ಒಂದು ಸೀಟು, ಒಂದು ಗಿಲಕಿ

ಉಳಿ ನನ್ನ ಗಂಟಲಿಗೆ ಎರಡು ಬೆರಳು ದೂರದಲ್ಲಿತ್ತು!

ಪಕ್ಕದಲ್ಲಿ ಲೇತ್ ಗಿರ್ರನೆ ತಿರುಗುತ್ತಿತ್ತು. ಉಳಿ ಹಿಡಿದವನು ಅಶ್ವಥ್. ಚನ್ನಪಟ್ಟಣದ ಬೊಂಬೆ ಮಾಡುವವರ ಮಗ, ಪಿಎಚ್‌ಡಿ ಮುಗಿಸಿದವನು.

"ಮುಂದಕ್ ಬರ್ಬೇಡ ಕಣಕ್ಕಾ... ಚುಚ್ಬುಡ್ತೀನಿ!"

"ಲ್ಯಾಬಿಗೋಗಿ ಉಳಿ ಹಿಡಿಯೋದೂ ಮರ್ತ್ಯೇನ್ಲಾ? ಉಲ್ಟಾ ಐತೆ!"

ಅವನು ಕೆಳಗೆ ನೋಡಿದ. ಅಷ್ಟು ಸಾಕಾಯಿತು. ಮಣಿಕಟ್ಟು ತಿರುಚಿದೆ. ಉಳಿ ನೆಲಕ್ಕೆ!

ನಾನು ಹನುಮಂತಮ್ಮ, ರಿಟೈರ್ಡ್ ಹೆಡ್ ಕಾನ್‌ಸ್ಟೇಬಲ್. ಈಗ ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತೇನೆ. ಇವತ್ತು ಕಳೆದದ್ದು ಒಂದು ಗಿಲಕಿ. ನಗಬೇಡಿ! ಸಾತನೂರಿನ ರೇಷ್ಮೆ ಬೆಳೆಗಾರರ ಮಗಳು ಲತಾಮಣಿ ನಾಲ್ಕು ವರ್ಷ ಲ್ಯಾಬಿನಲ್ಲಿ ಒದ್ದಾಡಿ, ಮಗು ಚೀಪಿದರೂ ಬಿಡದ, ವಿಷವಿಲ್ಲದ ಅರಗಿನ ಬಣ್ಣ ಕಂಡುಹಿಡಿದಿದ್ದಳು. ಅದನ್ನು ಹಚ್ಚಿದ್ದು ಆ ಒಂದೇ ಗಿಲಕಿಗೆ. ಮಧ್ಯಾಹ್ನ ಎರಡಕ್ಕೆ ಬೆಂಗಳೂರಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಆದಮೇಲಿನ ಸಂಶೋಧನೆಗೆ, ಅಂದರೆ ಪೋಸ್ಟ್‌ಡಾಕ್‌ಗೆ, ಅವಳ ಸಂದರ್ಶನ. ಸ್ಯಾಂಪಲ್ ತೋರಿಸಲೇಬೇಕು. ಸೀಟು ಒಂದೇ.

ಅದಕ್ಕೆ ಅರ್ಜಿ ಹಾಕಿದ ಇನ್ನೊಬ್ಬ ಈ ಅಶ್ವಥ್! ಅವನ ಸಂದರ್ಶನ ನಿನ್ನೆಯೇ ಮುಗಿದಿತ್ತು.

"ಗಿಲಕಿ ಎಲ್ಲೋ?"

"ಸಮೀವುಲ್ಲಾ ಅಂಗ್ಡೀಲಿ ಮಡ್ಗಿವ್ನಿ... ಸಂಜೆ ಈಸ್ಕತೀನಿ ಅಂದಿದ್ದೆ."

"ಒಲೆಗಾಕಿದ್ರೆ ಮುಗ್ದೋಗ್ತಿತ್ತಲ್ಲೋ!"

"ಮನ್ಸು ಬರ್ಲಿಲ್ಲ ಕಣಕ್ಕಾ. ಮೂರು ತಲೆಮಾರು ಬೊಂಬೆ ಮಾಡಿದೋರು ನಾವು. ಅಂಥಾ ಹೊಳಪು... ಎಂಗೆ ಸುಡ್ಲಿ?"

ಕಳ್ಳನಾದರೂ ಕಸುಬುದಾರ.

ಹೊರಗೆ ಕಾಯುತ್ತಿದ್ದ ಲತಾಮಣಿಯನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೈವೇ ಪಕ್ಕದ ಬೊಂಬೆ ಅಂಗಡಿಗೆ ನುಗ್ಗಿದೆ. ಸಮೀವುಲ್ಲಾ ತಲೆ ಕೆರೆದುಕೊಂಡ.

"ಮಾರ್ಬುಟ್ಟೆ ಅಕ್ಕಾ..."

"ಬ್ಯಾರೆಯೋರ ಮಾಲು ಕಣಯ್ಯಾ ಅದು!"

"ಬೋಣಿ ಆಗಿರ್ಲಿಲ್ಲ! ಆವಮ್ಮ ಅದೇ ಬೇಕು ಅಂತ ಕೂತ್ಕೊಂಡ್ರು. ಮೊದಲ್ನೇ ಗಿರಾಕೀನ ಬರಿಗೈಲಿ ಕಳ್ಸಕ್ಕಾಯ್ತದಾ?"

"ಎತ್ಲಾಗೋದ್ರು?"

"ಬಿಳಿ ಕಾರು. ಬಿಡದೀಲಿ ತಟ್ಟೆ ಇಡ್ಲಿ ತಿಂದು ಹೋಗಾಣ ಅಂತಿದ್ರು."

ಆಕ್ಸಿಲರೇಟರ್ ತಿರುಚಿದೆ. ರಾಮನಗರ ಹಿಂದಕ್ಕೆ ಹೋಯಿತು. ಲಾರಿ! ಬಸ್ಸು! ಎದುರಿಗೊಂದು ಎಮ್ಮೆ! ಹಿಂದೆ ಲತಾಮಣಿ ಬಿಕ್ಕುತ್ತಿದ್ದಳು.

"ಅಳೋದು ಆಮ್ಯಾಕೆ. ಈಗ ಗಟ್ಟಿಯಾಗಿ ಹಿಡ್ಕೊ!"

ಬಿಡದಿಯ ಹೋಟೆಲ್ ಮುಂದೆ ಬಿಳಿ ಕಾರುಗಳು... ಏಳು! ಯಾವುದು? ಒಳಗಿನಿಂದ ಗಿಲ್ ಗಿಲ್ ಸದ್ದು ಕೇಳಿಸಿತು.

ಮೂಲೆ ಟೇಬಲ್ಲಿನಲ್ಲಿ ಒಂದು ಕೂಸು ನಾಲ್ಕು ವರ್ಷದ ಸಂಶೋಧನೆಯನ್ನು ಕಡಿಯುತ್ತಿತ್ತು. ಲತಾಮಣಿ ಓಡಿಹೋಗಿ ಕಿತ್ತುಕೊಂಡಳು.

"ಯಾರ್ರೀ ನೀವು? ಮಗು ಕೈಯಿಂದ ಕಿತ್ಕೊಳ್ತೀರಾ!" ಎಂದು ತಾಯಿ ಎದ್ದರು. ಕೂಸು ಹೋಟೆಲೇ ಹಾರಿಹೋಗುವಂತೆ ಕಿರುಚಿತು. ಲತಾಮಣಿ ಗಿಲಕಿ ತಿರುಗಿಸಿ ನೋಡಿ ಕುಸಿದು ಕೂತಳು. ಸುತ್ತಲೂ ಹಲ್ಲಿನ ಗುರುತು!

"ಎಲ್ಲಾ ಹಾಳಾಯ್ತಕ್ಕಾ..."

ನಾನು ಅದನ್ನು ಬಿಳಿ ಕರ್ಚೀಫಿಗೆ ಗಸಗಸ ಉಜ್ಜಿದೆ. ಒಂದು ಚೂರೂ ಬಣ್ಣ ಬಿಟ್ಟಿರಲಿಲ್ಲ.

"ಎಷ್ಟೊತ್ತಿಂದ ಚೀಪ್ತಾ ಐತೆ ತಾಯಿ ಕೂಸು?"

"ಚನ್ನಪಟ್ಟಣದಿಂದ! ಒಂದು ಗಂಟೆ ಆಯ್ತು."

ಆ ಮಾತನ್ನು ಲತಾಮಣಿಯ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡೆ. ಕಥೆಯೆಲ್ಲಾ ಕೇಳಿದ ತಾಯಿ ನಕ್ಕು ಗಿಲಕಿ ಬಿಟ್ಟುಕೊಟ್ಟರು. ಕೂಸು ಮಾತ್ರ ಕ್ಷಮಿಸಲಿಲ್ಲ.

ಎರಡಕ್ಕೆ ಐದು ನಿಮಿಷ ಇರುವಾಗ ಗೇಟು ದಾಟಿದೆವು. ಮುಕ್ಕಾಲು ಗಂಟೆ ಮರದ ಕೆಳಗೆ ಉಗುರು ಕಚ್ಚುತ್ತಾ ಕೂತಿದ್ದೆ. ಲತಾಮಣಿ ಓಡಿ ಬಂದು ತಬ್ಬಿಕೊಂಡಳು.

"ಹಲ್ಲಿನ ಗುರುತು ಎಂಗಾಯ್ತು ಅಂದ್ರು. ವಿಡಿಯೋ ತೋರ್ಸ್ದೆ. ಸೀಟು ಸಿಕ್ತಕ್ಕಾ!"

ಪೋಸ್ಟ್‌ಡಾಕ್‌ಗೆ ದೊಡ್ಡವರ ಶಿಫಾರಸು ಬೇಕೇ ಬೇಕಂತೆ... ಇವಳಿಗೆ ಶಿಫಾರಸು ಮಾಡಿದವರಿಗೆ ಇನ್ನೂ ನಾಲ್ಕೇ ಹಲ್ಲು!